ಫ್ಯಾನಿನ ಸದ್ದು ಇಳಿದ ಮೇಲೆ

ಆ ಬೇಸಿಗೆಯಲ್ಲಿ ನನಗೆ ಬೇರೆ ಕೆಲಸ ಇರಲಿಲ್ಲವೆಂದಲ್ಲ. ಚಿಂತಾಮಣಿಯ ಸುತ್ತ ಬಾವಿಗಳಿಗೆ ಕರೆಂಟಿನ ಪಂಪು ಕೂರಿಸುವ ಭರಾಟೆ ಶುರುವಾಗಿದ್ದ ಕಾಲ ಅದು. ನನ್ನ ಅಂಗಡಿಯ ಮುಂದೆ ಸುಟ್ಟ ಮೋಟರುಗಳು ಸಾಲಾಗಿ ಕೂತಿರುತ್ತಿದ್ದವು. ಅವನ್ನೆಲ್ಲ ಬಿಟ್ಟು ಚಿಕ್ಕ ರೈಲು ಹತ್ತಿ ಶಿಡ್ಲಘಟ್ಟಕ್ಕೆ ಹೋಗಿ ಒಂದು ಫ್ಯಾನಿನ ಹಿಂದೆ ಬಿದ್ದೆ. ಅರ್ಧ ದಿನದ ಕೆಲಸ ಎಂದುಕೊಂಡು ಹೋದದ್ದು, ಬೇಸಿಗೆಯೇ ಮುಗಿದುಹೋಯಿತು.

ಅದೊಂದು ರೇಷ್ಮೆ ಬಿಚ್ಚುವ ಶೆಡ್ಡು. ಉದ್ದನೆಯ ಕೋಣೆ, ಮೇಲೆ ಒಳಗಿನಿಂದ ಹಲಗೆ ಹೊಡೆದ ಮಂಗಳೂರು ಹೆಂಚು, ಒಂದು ಗೋಡೆಯ ಉದ್ದಕ್ಕೂ ಒಲೆಗಳು, ಒಲೆಗಳ ಮೇಲೆ ಕುದಿನೀರಿನ ಬಾಣಲಿಗಳು. ಬಾಣಲಿಯಲ್ಲಿ ರೇಷ್ಮೆಗೂಡು ಬೇಯುತ್ತಿರುತ್ತದೆ. ಅದರ ಮುಂದೆ ಕೂತವರು ಗೂಡಿನ ಎಳೆಗಳನ್ನು ಹಿಡಿದು ಕೂಡಿಸಿ ಕೊಡುತ್ತಾರೆ. ಅವರ ಬೆನ್ನ ಹಿಂದೆ, ಮೂರು ನಾಲ್ಕು ಮಾರು ದೂರದಲ್ಲಿ, ಇನ್ನೊಬ್ಬರು ಚರಕ ತಿರುಗಿಸಿ ನೂಲು ಸುತ್ತುತ್ತಾರೆ. ಎಳೆ ಹರಿದರೆ ಬಾಣಲಿಯವರು ‘ಆಪು!’ ಅನ್ನುತ್ತಾರೆ. ನಿಲ್ಲಿಸು ಅನ್ನುವ ತೆಲುಗಿನ ಮಾತು; ಆ ಕಡೆಯ ಶೆಡ್ಡುಗಳಲ್ಲಿ ಮನೆಮಾತು ಯಾವುದೇ ಇರಲಿ, ಕೂಗು ಮಾತ್ರ ಅದೇ. ಕೂಗಿದ ತಕ್ಷಣ ಚರಕ ನಿಲ್ಲಬೇಕು. ಎರಡು ಸುತ್ತು ಹೆಚ್ಚು ತಿರುಗಿದರೂ ನೂಲು ಒಂದು ಕಡೆ ತೆಳು, ಒಂದು ಕಡೆ ದಪ್ಪ. ಅಂಥ ನೂಲು ಸುತ್ತಿದ ಲಡಿಯನ್ನು ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ.

ಕೊನೆಯ ಬಾಣಲಿಯಲ್ಲಿ ಗಂಡ ಹೆಂಡತಿ ಜೋಡಿ. ಆಕೆ ಬಿಚ್ಚುವವಳು, ಆತ ತಿರುಗಿಸುವವನು. ಹಿಂದೂಪುರದ ಕಡೆಯಿಂದ ಬಂದವರು. ಶೆಡ್ಡಿನಲ್ಲಿ ಆಕೆಯಷ್ಟು ಸಮನಾದ ನೂಲು ತೆಗೆಯುವವರು ಬೇರೆ ಇರಲಿಲ್ಲವಂತೆ. ಆದರೆ ಆವಿ ಮತ್ತು ಬೆಂದ ಹುಳುವಿನ ವಾಸನೆಗೆ ಆಕೆಗೆ ಕೆಮ್ಮು ಹತ್ತಿಕೊಂಡಿತ್ತು. ಹೊರಗೆ ಬಂದು ಒಂದಷ್ಟು ಹೊತ್ತು ಕೂತರೆ ಇಳಿಯುತ್ತಿತ್ತು, ಒಳಗೆ ಹೋದರೆ ಮತ್ತೆ ಶುರು. ಇತರರೂ ಉಸಿರು ಕಟ್ಟುತ್ತದೆ ಎಂದು ಗೊಣಗಿದ್ದರಿಂದ ಶೆಡ್ಡಿನ ಯಜಮಾನರು ಬೆಂಗಳೂರಿಗೆ ಹೋಗಿ, ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹಳೆಯ ಎಕ್ಸಾಸ್ಟ್ ಫ್ಯಾನು ತಂದು, ಕೊನೆಯ ಗೋಡೆಯ ಎತ್ತರದಲ್ಲಿ ತೂತು ಹೊಡೆಸಿ ಕೂರಿಸಿದ್ದರು. ಅದರ ಸದ್ದಿಗೆ ನನ್ನನ್ನು ಕರೆಸಿದ್ದು.

ಸ್ವಿಚ್ಚು ಹಾಕಿದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಲಾರಿ ಗೋಡೆ ಹತ್ತುತ್ತಿದೆ ಅನ್ನಿಸುವಂಥ ಸದ್ದು.

"ನೋಡಿದ್ರಾ ಮೇಸ್ತ್ರಿ" ಅಂತ ಯಜಮಾನರು ನನ್ನ ಕಿವಿಯ ಹತ್ತಿರ ಬಂದು ಕೂಗಿದರು. "ಆಕೆ ಆಪು ಅಂದ್ರೆ ಆತಂಗೆ ಕೇಳ್ಸಲ್ಲ. ಸೌಟು ತಗೊಂಡು ಬಾಣಲಿ ಮೇಲೆ ಬಡೀತಾಳೆ, ಅದೂ ಕೇಳ್ಸಲ್ಲ. ಮೂರು ಸಲ ಲಡಿ ವಾಪಸ್ ಬಂದೈತೆ."

ಹೊರಗೆ ಕರೆದುಕೊಂಡು ಹೋಗಿ ವಿಷಯ ಹೇಳಿದರು. ಈ ಬೇಸಿಗೆಗೆಂದು ಕೊಂಡು ಒಣಗಿಸಿಟ್ಟ ಗೂಡು ಮುಗಿಯುವುದರೊಳಗೆ ಸದ್ದು ಇಳಿಯದಿದ್ದರೆ ಆತನನ್ನು ಬಿಡಿಸಿ, ಕೂಗಿಗೆ ಕಾಯದೆ ಆಕೆಯ ಕೈ ನೋಡಿಕೊಂಡೇ ತಿರುಗಿಸುವ ಚುರುಕಿನವರನ್ನು ಹಾಕುತ್ತಾರಂತೆ. ಆತನಿಗೆ ವಯಸ್ಸಾಗಿತ್ತು, ಕಿವಿಯೂ ಸ್ವಲ್ಪ ಮಂದ, ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

"ಫ್ಯಾನು ಬೇಡ ಅಂದ್ರೆ ತೆಗ್ಸಿಬಿಡ್ತೀನಿ. ಆದ್ರೆ ಆಯಮ್ಮ ಒಪ್ಪಲ್ಲ" ಅಂದರು.

ಆಕೆಯನ್ನೇ ಕೇಳಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಆಕೆ ಅಂದದ್ದು ಇಷ್ಟು: "ಫ್ಯಾನು ಇರ್ಲಿ ಅಣ್ಣಾ. ಅದು ತಿರುಗ್ತಿದ್ರೆ ನಂಗೆ ಕೆಮ್ಮೇ ಬರಲ್ಲ. ನಮ್ಮೋರೂ ಇರ್ಲಿ. ಸದ್ದು ಎಷ್ಟಿದ್ರೂ ಪರವಾಗಿಲ್ಲ, ನಾನು ಗಟ್ಟಿಯಾಗಿ ಕೂಗ್ತೀನಿ."

ಗಂಡ ತಲೆ ಅಲ್ಲಾಡಿಸಿದ. "ಹೌದು ಮೇಸ್ತ್ರಿ, ಫ್ಯಾನು ಬಂದ್ಮೇಲೆ ಇವಳು ಕೆಮ್ಮಿದ್ದೇ ನಾನು ಕೇಳಿಲ್ಲ" ಅಂದ.

ಫ್ಯಾನು ಬೇಕು, ಸದ್ದು ಬೇಡ, ಇಬ್ಬರೂ ಇರಬೇಕು. ಆಯಿತು ಅಂದೆ. ಮೊದಲು ತೋಚಿದ್ದು ಎಲ್ಲರಿಗೂ ತೋಚುವಂಥದ್ದೇ: ವೇಗ ಇಳಿಸಿದರೆ ಸದ್ದು ಇಳಿಯುತ್ತದೆ. ಹಲಗೆಯೊಂದರ ಮೇಲೆ ಬಲ್ಬುಗಳನ್ನು ಕೂರಿಸಿ, ಫ್ಯಾನಿಗೆ ಹೋಗುವ ಕರೆಂಟು ಅವುಗಳ ಮೂಲಕ ಹಾದುಹೋಗುವಂತೆ ಮಾಡಿದೆ. ಮನೆಯ ಚಿಕ್ಕ ಫ್ಯಾನಿಗೆ ಹಾಗೆ ಮಾಡಿ ಗೆದ್ದಿದ್ದೆ. ಬಲ್ಬುಗಳು ಕೆಂಪಗೆ ಉರಿದವು, ಫ್ಯಾನು ಮೆತ್ತಗಾಯಿತು, ಎಲ್ಲರೂ ಹಿಗ್ಗಿದರು. ಯಜಮಾನರು ಕಾಫಿ ತರಿಸಿದರು.

ಎರಡು ದಿನಕ್ಕೇ ಸುದ್ದಿ ಬಂತು, ಫ್ಯಾನಿನಿಂದ ಹೊಗೆ ಬರ್ತಾ ಇದೆ ಅಂತ. ಆ ಮೋಟರಿನಲ್ಲಿ ಹೊರಡುವುದಕ್ಕೆ ಮಾತ್ರ ಬೇಕಾದ ಒಂದು ತಂತಿಸುತ್ತು ಇರುತ್ತದೆ. ವೇಗ ಏರಿದ ಮೇಲೆ ಒಳಗಿನ ಸ್ವಿಚ್ಚು ಅದನ್ನು ಬಿಡಿಸಿಬಿಡುತ್ತದೆ. ನಾನು ವೇಗ ಇಳಿಸಿದ್ದರಿಂದ ಸ್ವಿಚ್ಚು ಮತ್ತೆ ಕೂಡಿಕೊಂಡು, ಆ ಸುತ್ತು ಇಡೀ ದಿನ ಬೆಂದು ಕರಿಯಾಗಿತ್ತು. ಅದರ ಜೊತೆಗೆ ಸಂಜೆಯ ಹೊತ್ತು ಸುತ್ತಲಿನ ತೋಟಗಳ ಪಂಪುಗಳೆಲ್ಲ ಶುರುವಾದರೆ ಊರಿನ ಕರೆಂಟು ಮೊದಲೇ ಸೊರಗಿರುತ್ತಿತ್ತು. ಬಲ್ಬಿನ ಆಟ ಅಲ್ಲಿಗೆ ಮುಗಿಯಿತು.

ಮೋಟರನ್ನು ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ಚಿಂತಾಮಣಿಗೆ ತಂದೆ. ಸುಟ್ಟ ತಂತಿ ಕಿತ್ತು, ಎಣಿಸಿ, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಇದ್ದಿಲ ಒಲೆಯ ಮೇಲೆ ತಗಡಿನ ಡಬ್ಬಿಯಲ್ಲಿ ಒಣಗಿಸುವುದು ಬೇಸರದ ಕೆಲಸ. ತಾಮ್ರದ ತಂತಿ ಆಗ ಕೇಳಿದ ಕೂಡಲೇ ಸಿಗುತ್ತಿರಲಿಲ್ಲ. ಅಷ್ಟು ದಿನ ಶೆಡ್ಡಿನಲ್ಲಿ ಫ್ಯಾನಿಲ್ಲ. ನಡುವೆ ಒಮ್ಮೆ ಅಳತೆ ತೆಗೆಯಲು ಹೋದಾಗ ಆಕೆಯ ಕೆಮ್ಮು ರಸ್ತೆಯವರೆಗೂ ಕೇಳಿಸುತ್ತಿತ್ತು. ಗಂಡ ಚರಕದ ಹಿಡಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದ. ಬೈದಿದ್ದರೂ ವಾಸಿಯಿತ್ತು. ನನಗೆ ನಾಚಿಕೆಯಾಯಿತು.

ಮೋಟರು ವಾಪಸು ಕೂರಿಸುವ ಮುಂಚೆ ಈ ಸಲ ಸದ್ದನ್ನೇ ವಿಚಾರಿಸಿದೆ. ಕಬ್ಬಿಣದ ಚೌಕಟ್ಟನ್ನು ನೇರ ಇಟ್ಟಿಗೆಯೊಳಗೆ ಗಾರೆ ಹಾಕಿ ಕೂರಿಸಿದ್ದರು. ಫ್ಯಾನು ನಡುಗಿದರೆ ಗೋಡೆಯೇ ಗುಡುಗುತ್ತಿತ್ತು. ಅದನ್ನು ಒಡೆದು ತೆಗೆದು, ಜಾಲಿಮರದ ಚೌಕಟ್ಟು ಮಾಡಿಸಿ, ಮರಕ್ಕೂ ಕಬ್ಬಿಣಕ್ಕೂ ನಡುವೆ ಹಳೆಯ ಲಾರಿ ಟೈರಿನ ತುಂಡುಗಳನ್ನು ಕೊಟ್ಟು ಬೋಲ್ಟು ಬಿಗಿದೆ. ರೆಕ್ಕೆಗಳನ್ನು ಒಂದು ಸರಳಿಗೆ ತೂರಿಸಿ ಎರಡು ಚೂಪು ಪಟ್ಟಿಗಳ ಮೇಲೆ ಬಿಟ್ಟು ನೋಡಿದೆ. ಯಾವಾಗಲೂ ಒಂದೇ ರೆಕ್ಕೆ ಕೆಳಗೆ ಬಂದು ನಿಲ್ಲುತ್ತಿತ್ತು. ಅದನ್ನು ಅರದಿಂದ ಉಜ್ಜಿ ಉಜ್ಜಿ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಹಾಗೆ ತಂದೆ. ನನ್ನ ಬಲಭುಜ ಆಗ ಹಿಡಿದುಕೊಂಡದ್ದು, ಇವತ್ತಿಗೂ ಮಳೆಗಾಲದಲ್ಲಿ ಮಾತಾಡಿಸುತ್ತದೆ.

ಸ್ವಿಚ್ಚು ಹಾಕಿದೆ. ಗಡಗಡ ಹೋಗಿತ್ತು, ಮೊರೆತ ಹಾಗೇ ಇತ್ತು. ಆಕೆ ಕೂಗಿದಳು, ಆತ ತಿರುಗಿಸುತ್ತಲೇ ಇದ್ದ.

"ಇಷ್ಟೇನಾ?" ಅಂದರು ಯಜಮಾನರು. ನನಗೂ ಅದೇ ಪ್ರಶ್ನೆ.

ಏಣಿಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಇಳಿಯುವುದಕ್ಕೂ ಮನಸ್ಸಿರಲಿಲ್ಲ. ಅಲ್ಲಿಂದ ಇಡೀ ಶೆಡ್ಡು ಕಾಣುತ್ತಿತ್ತು. ಸಾಲಾಗಿ ಬಗ್ಗಿದ ಬೆನ್ನುಗಳು. ಕೆಳಗೆ ಆಕೆಯ ಭುಜ ಎರಡು ಮೂರು ಸಲ ಕುಲುಕಿದ್ದನ್ನು ಕಂಡೆ, ಪಕ್ಕದವಳ ಜೊತೆ ಏನೋ ನಗುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಗಮನಿಸಿದ್ದು, ಒಲೆಗಳ ಹೊಗೆಯನ್ನು. ಹೊಗೆ ಕೊಳವೆಯಲ್ಲಿ ಮೇಲಕ್ಕೆ ಹೋಗುವ ಬದಲು ಒಲೆಯ ಬಾಯಿಂದ ಕೋಣೆಯೊಳಕ್ಕೇ ನುಗ್ಗುತ್ತಿತ್ತು. ಅಷ್ಟರಲ್ಲಿ ಯಾರೋ ಸೌದೆ ಹೊತ್ತು ತಂದರು. ಬಾಗಿಲು ತೆರೆಯಲು ಬಲ ಹಾಕಿ ಎಳೆಯಬೇಕಾಯಿತು, ತೆರೆದ ಕ್ಷಣ ಫ್ಯಾನಿನ ಸದ್ದು ಅರ್ಧಕ್ಕೆ ಇಳಿಯಿತು. ಬಾಗಿಲು ಮುಚ್ಚಿದ ಕೂಡಲೇ ಮತ್ತೆ ಮೊರೆಯಿತು.

ಏಣಿಯಿಂದ ಇಳಿದು ಬಾಣಲಿಯ ಪಕ್ಕದ ರದ್ದಿ ರೇಷ್ಮೆಯಲ್ಲಿ ಒಂದು ಎಳೆ ತೆಗೆದು ಕಡ್ಡಿಯ ತುದಿಗೆ ಕಟ್ಟಿದೆ. ಒಲೆಯ ಬಾಯಿಗೆ ಹಿಡಿದರೆ ಎಳೆ ಹೊರಕ್ಕೆ, ಕೋಣೆಯ ಕಡೆಗೆ ಬಾಗಿತು. ಕಿಟಕಿಯ ಸಂದಿಗೆ ಹಿಡಿದರೆ ನೆಟ್ಟಗೆ ಒಳಕ್ಕೆ ಚಾಚಿಕೊಂಡಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಸಂದಿಗಳಿಗೆ ಚಿಂದಿ ಬಟ್ಟೆ ಬೇರೆ ತುರುಕಿದ್ದರು. ರೇಷ್ಮೆ ಬಿಚ್ಚುವವರು ಕಿಟಕಿ ತೆರೆಯುವುದಿಲ್ಲ. ಗಾಳಿ ಬಿದ್ದರೆ ಹಸಿ ಎಳೆ ಅಲುಗಿ ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ, ಕೂಡಿದ ಕಡೆ ಗಂಟಾಗುತ್ತದೆ. ಅಪ್ಪ ಅಜ್ಜನ ಕಾಲದಿಂದ ಬಂದ ಪದ್ಧತಿ, ಸುಳ್ಳೂ ಅಲ್ಲ. ಅದಕ್ಕೇ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಇರಲಿಲ್ಲ. ಬಾಯಿ ಮುಚ್ಚಿದ ಕೋಣೆಯಿಂದ ಗಾಳಿ ಹೀರಲು ಹೋಗಿ ಮೊರೆಯುತ್ತಿತ್ತು, ಸಾಲದ್ದಕ್ಕೆ ಒಲೆಯ ಹೊಗೆಯನ್ನು ಇವರ ಮುಖಕ್ಕೇ ಎಳೆದು ತರುತ್ತಿತ್ತು. ಜೋರಾಗಿ ತಿರುಗಿದಷ್ಟೂ ಹೊಗೆ ಜಾಸ್ತಿ.

ಇಷ್ಟು ದಿನ ಮೋಟರನ್ನೇ ಬೈಯುತ್ತಿದ್ದೆ. ಅಂದು ಮಧ್ಯಾಹ್ನ ಹೊಂಗೆಮರದ ಕೆಳಗೆ ಕೂತು ತೀರ್ಮಾನ ಮಾಡಿದೆ. ಮೋಟರಿನ ತಂಟೆಗೆ ಹೋಗುವುದು ಬೇಡ, ಅದು ತನ್ನ ವೇಗದಲ್ಲಿ ತಾನು ತಿರುಗಲಿ. ಅದನ್ನು ಫ್ಯಾನಿನಿಂದ ಬಿಡಿಸಿ ಗೋಡೆಯ ಆಚೆ ಇಟ್ಟು, ನಡುವೆ ಬೆಲ್ಟು ಹಾಕಿ, ಚಿಕ್ಕ ಗಾಲಿಯಿಂದ ದೊಡ್ಡ ಗಾಲಿಗೆ ಕೊಟ್ಟರೆ ಫ್ಯಾನು ಅರ್ಧ ವೇಗಕ್ಕೆ ಬರುತ್ತದೆ. ಜೊತೆಗೆ ಚರಕದವರ ಬೆನ್ನ ಹಿಂದಿನ ಗೋಡೆಯಲ್ಲಿ, ನೆಲದ ಹತ್ತಿರ, ಗಾಳಿ ಒಳಗೆ ಬರಲು ತೂತುಗಳನ್ನು ಮಾಡಬೇಕು.

ಯಜಮಾನರು ಮುಖ ಗಂಟಿಕ್ಕಿದರು. "ಗಾಳಿ ಹೊರಗೆ ಹಾಕು ಅಂತ ಕರ್ಸಿದ್ರೆ ಒಳಗೆ ಬಿಡ್ತೀನಿ ಅಂತೀರಲ್ರೀ! ಎಳೆ ನಿಲ್ತಾವಾ?"

"ನೆಲದ ಮಟ್ಟಕ್ಕೆ ಬಿಡ್ತೀನಿ ಸ್ವಾಮಿ. ತೂತಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದ್ರೆ ಗಾಳಿ ನಿಧಾನಕ್ಕೆ, ತಣ್ಣಗೆ ಬರ್ತದೆ. ಎಳೆ ತನಕ ಹೋಗೋದ್ರೊಳಗೆ ಸತ್ತೋಗಿರ್ತದೆ."

"ಸಾಯ್ದೇ ಇದ್ರೆ?"

"ನಾನೇ ಗಾರೆ ಕಲಸಿ ಮುಚ್ಚಿಕೊಟ್ಟು ಹೋಗ್ತೀನಿ."

ಅವರು ಒಪ್ಪಲಿಲ್ಲ. ಆಗ ಗಂಡ ಚರಕ ಬಿಟ್ಟು ಎದ್ದು ಬಂದ. ಆತ ಯಜಮಾನರ ಎದುರು ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. "ಸಾಮಿ, ಒಂದ್ಸಲ ನೋಡಣ. ನಮ್ಮ ಚರಕದ ಹಿಂದೇನೇ ಮೊದಲು ತೂತು ಹೊಡೀಲಿ. ಎಳೆ ಹೋದ್ರೆ ನಾವೇ ಬಿಟ್ಟು ಹೋಗ್ತೀವಿ" ಅಂದ. ಹೆಂಡತಿ ತಿರುಗಿ ನೋಡಿದಳು. ಯಜಮಾನರು ಒಪ್ಪಿದರು. ಇನ್ನು ತಪ್ಪಿದರೆ ಹೋಗುವುದು ನನ್ನ ಹೆಸರಲ್ಲ, ಅವರಿಬ್ಬರ ಅನ್ನ.

ದೊಡ್ಡ ಗಾಲಿ ಎಲ್ಲಿ ಹುಡುಕುವುದು? ಚಿಂತಾಮಣಿಯಲ್ಲಿ ಸಿಗಲಿಲ್ಲ, ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದ್ದು ಸೀಳಿತ್ತು. ಕೊನೆಗೆ ಗೌರಿಬಿದನೂರಿನ ಸ್ಟೇಷನ್ ಹತ್ತಿರದ ಹಳೆ ಕಬ್ಬಿಣದವನ ಬಳಿ, ಮುಚ್ಚಿದ ಹಿಟ್ಟಿನ ಗಿರಣಿಯೊಂದರ ಗಾಲಿ ಸಿಕ್ಕಿತು. ಅದನ್ನು ಹೊತ್ತು ಬಸ್ಸಿಗೆ ಬಂದರೆ ಕಂಡಕ್ಟರು ಒಳಗೆ ಹತ್ತಿಸಲಿಲ್ಲ. ಟಾಪಿನ ಮೇಲೆ ಹಾಕಿ ಕಟ್ಟಿ, ಚಿಕ್ಕಬಳ್ಳಾಪುರದಲ್ಲಿ ಇಳಿಸಿ, ಇನ್ನೊಂದು ಬಸ್ಸಿನ ಮೇಲೆ ಏರಿಸಿ ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ನನಗೂ ಗಾಲಿಗೂ ಒಂದೇ ಬಣ್ಣ ಬಂದಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ, ಪಂಪು ರಿಪೇರಿ ಮಾಡಿಕೊಂಡು ಮನೆಯಲ್ಲಿ ಬಿದ್ದಿರಬಾರದಿತ್ತೇ ಅಂತ.

ಫ್ಯಾನಿಗೆ ಬೇರೆ ದಂಡ ಹಾಕಿ ಎರಡು ಬೇರಿಂಗು ಕೂರಿಸಿದೆ. ದಂಡದ ಆಚೆ ತುದಿಗೆ ಗಿರಣಿಯ ಗಾಲಿ. ಮೋಟರು ಹೊರಗೆ, ತಗಡಿನ ಮಾಡಿನ ಕೆಳಗೆ. ಮೊದಲು ಹಾಕಿದ್ದು ಚರ್ಮದ ಬೆಲ್ಟು. ಹೊರಗೆ ಬರುವ ಆವಿ ನೇರ ಅದಕ್ಕೇ ಬಡಿದು ಚರ್ಮ ನೆನೆದು ಸಡಿಲವಾಗಿ ಜಾರಿತು. ಕ್ಯಾನ್ವಾಸ್ ಬೆಲ್ಟು ಹಾಕಿದೆ. ಅದರ ಜೋಡಣೆಯ ಕಬ್ಬಿಣದ ಕ್ಲಿಪ್ಪು ಗಾಲಿಯ ಮೇಲೆ ಬಂದಾಗಲೆಲ್ಲ ಟಕ್ ಟಕ್ ಅನ್ನತೊಡಗಿತು. ಸದ್ದು ಕಳೆಯಲು ಬಂದು ಹೊಸ ಸದ್ದು ತಂದಿಟ್ಟ ಹಾಗಾಯಿತು. ಕ್ಲಿಪ್ಪು ಕಿತ್ತು, ಚಪ್ಪಲಿ ಹೊಲಿಯುವವರ ಹತ್ತಿರ ಕೊಂಡೊಯ್ದು ಎರಡು ತುದಿಯನ್ನೂ ಚರ್ಮದ ದಾರದಲ್ಲಿ ಹೊಲಿಸಿ ತಂದೆ. ಗೋಡೆಯಲ್ಲಿ ಮೊದಲ ತೂತನ್ನು ಆ ಗಂಡನ ಬೆನ್ನ ಹಿಂದೆ ನಾನೇ ಉಳಿ ಹಿಡಿದು ಹೊಡೆದೆ, ಗೋಣಿತಾಟು ಕಟ್ಟಿದೆ. ಆಕೆ ಬಂದು ಚೊಂಬಿನಿಂದ ನೀರು ಚಿಮುಕಿಸಿದಳು.

ಕೊಂಡ ಗೂಡು ಮುಗಿಯುತ್ತ ಬಂದಿತ್ತು. ಬೆಳಗ್ಗೆ ಬಾಣಲಿಗಳು ಕಾದ ಮೇಲೆ ಸ್ವಿಚ್ಚು ಹಾಕಿದೆ.

ಫ್ಯಾನು ಸೋಮಾರಿಯ ಹಾಗೆ ತಿರುಗಿತು, ರೆಕ್ಕೆಗಳನ್ನು ಎಣಿಸಬಹುದೇನೋ ಅನ್ನುವಷ್ಟು. ಯಜಮಾನರು ಇದೇನು ಸಾಕಾಗತ್ತಾ ಅನ್ನುವ ಹಾಗೆ ನನ್ನನ್ನು ನೋಡಿದರು. ನಾನು ಕಡ್ಡಿಯ ರೇಷ್ಮೆ ಎಳೆಯನ್ನು ಒಲೆಯ ಬಾಯಿಗೆ ಹಿಡಿದೆ. ಅದು ಒಳಕ್ಕೆ, ಕೊಳವೆಯ ಕಡೆಗೆ ಬಾಗಿತು. ಹೊಗೆ ಮೇಲಕ್ಕೆ ಹೊರಟಿತ್ತು. ಆವಿ ಕೂಡ ತೇಲಿಕೊಂಡು ಫ್ಯಾನಿನ ಕಡೆ ಹೋಗುತ್ತಿತ್ತು. ಬಾಣಲಿಯ ಮೇಲಿನ ಎಳೆಗಳು ಅಲುಗಲಿಲ್ಲ.

"ಆಪು" ಅಂದಳು ಆಕೆ. ಕೂಗಲಿಲ್ಲ, ಅಂದಳು ಅಷ್ಟೆ. ಚರಕ ನಿಂತಿತು.

ಗಂಡ ನಕ್ಕುಬಿಟ್ಟ. "ಕೇಳ್ತು ಕಣೇ! ಇನ್ನೊಂದ್ಸಲ ಅನ್ನು" ಅಂದ. ಶೆಡ್ಡಿನವರೆಲ್ಲ ನಕ್ಕರು. ಯಜಮಾನರು ನನ್ನ ಬೆನ್ನು ತಟ್ಟಿದರು, ನೋವಿದ್ದ ಭುಜಕ್ಕೇ ತಟ್ಟಿದರು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಎಲ್ಲಾದರೂ ಮಲಗಬೇಕು ಅನ್ನಿಸಿತು.

ಸಾಮಾನು ಗಂಟು ಕಟ್ಟುತ್ತಿದ್ದೆ. ಶೆಡ್ಡು ತನ್ನ ಪಾಡಿಗೆ ಕೆಲಸಕ್ಕೆ ಬಿದ್ದಿತ್ತು. ನೀರು ಕುದಿಯುವುದು, ಚರಕಗಳು ಕಿರುಗುಟ್ಟುವುದು, ಬಳೆಗಳ ಸದ್ದು, ಇಷ್ಟು ದಿನ ಕೇಳಿಸದ್ದೆಲ್ಲ ಕೇಳಿಸುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು. ಸೆರಗಿನೊಳಗೆ ಅದುಮಿಟ್ಟ ಕೆಮ್ಮು. ನಿಲ್ಲಿಸಿ, ಮತ್ತೆ ಅದುಮಿ, ಮತ್ತೆ. ಆಕೆಯ ಭುಜ ಕುಲುಕುತ್ತಿತ್ತು. ಏಣಿಯ ಮೇಲಿಂದ ನಾನು ಕಂಡದ್ದು ನಗುವಲ್ಲ ಎಂದು ಆಗ ತಿಳಿಯಿತು.

ಚರಕ ನಿಂತಿತು.

ಆಕೆ ತಿರುಗಿ ನೋಡಲಿಲ್ಲ. "ಯಾಕೆ ನಿಲ್ಸಿದೆ? ನಾನು ಆಪು ಅನ್ಲಿಲ್ವಲ್ಲ" ಅಂದಳು.

"ಅನ್ಲಿಲ್ಲ" ಅಂದ ಗಂಡ. "ಫ್ಯಾನು ತಿರುಗ್ತಾನೇ ಐತಲ್ಲೇ. ಕೆಮ್ಮೇ ಬರಲ್ಲ ಅಂದಿದ್ದೆ."

ಆಕೆ ಎಳೆ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಮೆಲ್ಲಗೆ ಅಂದಳು: "ಫ್ಯಾನು ಹಾಕಿದ್ರೂ ಕೆಮ್ಮೋರ್ನ ಬಾಣಲಿ ಮುಂದೆ ಯಾರು ಕೂರಿಸ್ತಾರೆ? ನಾನು ಎದ್ರೆ ನಿನ್ನೂ ಎಬ್ಬಿಸ್ತಾರೆ."

ಎಲ್ಲರಿಗೂ ಕೇಳಿಸಿತು. ಯಜಮಾನರಿಗೂ ಕೇಳಿಸಿತು. ಸದ್ದು ಅಷ್ಟು ಚೆನ್ನಾಗಿ ಇಳಿದಿತ್ತು. ಸದ್ದು ಎಷ್ಟಿದ್ದರೂ ಪರವಾಗಿಲ್ಲ ಎಂದು ಮೊದಲ ದಿನ ಆಕೆ ಅಂದದ್ದು ನನಗೆ ನೆನಪಾಯಿತು. ಇಡೀ ಬೇಸಿಗೆ ಒದ್ದಾಡಿ ಆಕೆ ಅಡಗಿಕೊಂಡಿದ್ದ ಜಾಗವನ್ನೇ ಕಿತ್ತುಹಾಕಿದ್ದೆ.

ಗಂಡ ಎದ್ದು ಬಂದು ಆಕೆಯ ಪಕ್ಕದಲ್ಲಿ ನಿಂತ. "ಏಳು" ಅಂದ. "ನೀನು ಅಲ್ಲಿ ಹೋಗಿ ಕೂತ್ಕೋ, ತೂತಿನ ಹತ್ರ. ಗಾಳಿ ತಣ್ಣಗೆ ಬರ್ತೈತೆ. ನಾನು ಬಿಚ್ತೀನಿ."

"ನಿಂಗೆಲ್ಲಿ ಬರ್ತದೆ?"

"ಹೇಳ್ಕೊಡು."

ಎಲ್ಲರೂ ಯಜಮಾನರ ಕಡೆ ನೋಡಿದರು. ನಾನೂ ನೋಡಿದೆ. ಒಳ್ಳೆಯ ನೂಲು ಹೋಗುತ್ತದೆ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ಫ್ಯಾನಿನ ಕಡೆ ಕತ್ತೆತ್ತಿ ನೋಡಿದರು, ಆಮೇಲೆ ಗೋಣಿತಾಟಿನ ಕಡೆ ನೋಡಿದರು. "ಒಳ್ಳೇ ಗೂಡು ಮುಟ್ಬೇಡ. ಮೊದಲು ಕಲೆಬಿದ್ದ ಗೂಡಲ್ಲಿ ಕಲ್ತ್ಕೋ" ಅಂದು ಹೊರಗೆ ಹೋದರು.

ಮಳೆ ಶುರುವಾದ ಮೇಲೆ ಬೇರಿಂಗಿಗೆ ಗ್ರೀಸು ಹಾಕುವ ನೆಪದಲ್ಲಿ ಒಮ್ಮೆ ಹೋದೆ. ಅಷ್ಟರಲ್ಲಿ ಉಳಿದ ಚರಕಗಳ ಹಿಂದೆಯೂ ತೂತು ಹೊಡೆಸಿದ್ದರು. ಆತ ಬಾಣಲಿಯ ಮುಂದೆ ಕೂತಿದ್ದ, ಬೆರಳುಗಳು ಬೆಂದು ಬೆಳ್ಳಗಾಗಿದ್ದವು. ನೂಲು ಇನ್ನೂ ಅಷ್ಟಕ್ಕಷ್ಟೇ ಎಂದು ಯಜಮಾನರು ಬಾಗಿಲಲ್ಲೇ ಗೊಣಗಿದರು, ಆದರೆ ಇಬ್ಬರನ್ನೂ ಇಟ್ಟುಕೊಂಡಿದ್ದರು. ಆಕೆ ಒದ್ದೆ ಗೋಣಿಯ ಪಕ್ಕ ಚರಕದ ಹಿಡಿ ಹಿಡಿದಿದ್ದಳು. "ಆಪು ಆಪು ಆಪು!" ಅಂತ ಆತ ಅವಸರದಲ್ಲಿ ಕೂಗಿದ. "ಒಂದ್ಸಲ ಅಂದ್ರೆ ಸಾಕು, ನಂಗೆ ಕಿವಿ ಸರಿಯಾಗೈತೆ" ಅಂದಳು.

ಗ್ರೀಸು ಹಾಕಿದ್ದು ಮುಗಿದರೂ ನಾನು ಏಣಿಯಿಂದ ಇಳಿಯಲಿಲ್ಲ. ಕಿವಿಗೊಟ್ಟು ಕೂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆಕೆ ಒಂದು ಸಲ ಕೆಮ್ಮಿದಳು, ಚಿಕ್ಕದಾಗಿ. ಆತನ ಬೆನ್ನು ನೆಟ್ಟಗಾಯಿತು, ಕೈ ಬಾಣಲಿಯ ಮೇಲೆ ನಿಂತಿತು.

"ಏನಿಲ್ಲ" ಅಂದಳು ಆಕೆ. "ನೀನು ಎಳೆ ನೋಡು."

ಸ್ಟೇಷನ್ ಕಡೆಯಿಂದ ಚಿಕ್ಕ ರೈಲಿನ ಕೂಗು ಕೇಳಿಸಿತು. ಇಳಿದು ಓಡಿದ್ದರೆ ಸಿಗುತ್ತಿತ್ತು. ಇನ್ನೊಂದು ಸಲ ಕೆಮ್ಮುತ್ತಾಳೇನೋ ಎಂದು ಕೂತೇ ಇದ್ದೆ, ರೈಲು ಹೊರಟುಹೋಯಿತು.